ಕೆಲ್ಸಸನಿಗೆ ಓರಿಗೆನನ ಉತ್ತರ

ಪರಮತಖಂಡನೆಗೆಂದು ಹುಟ್ಟಿದ ಗ್ರಂಥಗಳಲ್ಲಿ ಹೆಚ್ಚಿನವು ಆ ವಾದದೊಡನೆಯೇ ಸತ್ತುಹೋಗುವುವು. ಕ್ರಿ. ಶ. 248ರ ಸುಮಾರಿಗೆ ಪ್ಯಾಲಸ್ತೀನದ ಕೈಸರೈಯ ಪಟ್ಟಣದಲ್ಲಿ ಓರಿಗೆನನು ಗ್ರೀಕ್ ಭಾಷೆಯಲ್ಲಿ ಬರೆದ 'ಕೆಲ್ಸಸನಿಗೆ ಪ್ರತ್ಯುತ್ತರ'ವು ಮಾತ್ರ ಉಳಿದು ಬಂದಿದೆ. ಎಂಟು ಭಾಗಗಳ ಈ ಗ್ರಂಥವನ್ನು ಪ್ರಾಚೀನ ಕ್ರೈಸ್ತರ ಮತಸಮರ್ಥನೆಗಳಲ್ಲಿ ಶ್ರೇಷ್ಠವಾದುದೆಂದು ಪಂಡಿತರು ಎಣಿಸುವುದುಂಟು. ಆ ಹೊಗಳಿಕೆ ತಕ್ಕುದೇ. ಆದರೆ ಓರಿಗೆನನು ಎದುರಾಳಿಯ ವಾದವನ್ನು ಮುರಿದ ಕಡೆಗಳಿಗಿಂತ, ಅವನ ಮಾತನ್ನು ಸದ್ದಿಲ್ಲದೆ ಒಪ್ಪಿಕೊಂಡ ಕಡೆಗಳೇ ಇಂದಿನ ವಾಚಕನಿಗೆ ಹೆಚ್ಚು ಸ್ವಾರಸ್ಯವಾಗಿ ಕಾಣುವುವು.

ಕೆಲ್ಸಸನು 'ಸತ್ಯವಚನ'ವೆಂಬ ತನ್ನ ಗ್ರಂಥವನ್ನು ಬರೆದುದು ಸುಮಾರು 178ರಲ್ಲಿ, ಎಂದರೆ ಓರಿಗೆನನು ಹುಟ್ಟುವುದಕ್ಕೂ ಕೆಲವು ವರ್ಷ ಮುಂಚೆ. ಅದರ ಮೂಲವು ಇಂದು ಇಲ್ಲ. ಓರಿಗೆನನು ಎದುರಾಳಿಯ ವಾಕ್ಯಗಳನ್ನು ಒಂದೊಂದಾಗಿ ಎತ್ತಿ ಬರೆದು, ಅನಂತರ ಸಮಾಧಾನ ಹೇಳುವ ಕ್ರಮವನ್ನು ಹಿಡಿದುದರಿಂದ, ಆ ಗ್ರಂಥದ ಬಹುಭಾಗವು ಖಂಡನೆಯ ಒಡಲಲ್ಲಿಯೇ ಬದುಕಿಕೊಂಡಿತು. ಭರತಖಂಡದಲ್ಲಿ ಚಾರ್ವಾಕರ ಮಾತು ಉಳಿದು ಬಂದುದೂ ಹೀಗೆಯೇ ಅಲ್ಲವೆ? ಆದರೆ ಅವರ ಪಾಲಿಗೆ ದೊರೆತುದು ಚೂರುಪಾರು. ಕೆಲ್ಸಸನ ದನಿಯಾದರೋ ಅದರ ಸಿಟ್ಟು ಕುಹಕಗಳೊಡನೆಯೇ ಕೇಳಿಬರುತ್ತದೆ. ಈ ಕ್ರಮವು ಮೊದಲಿನಿಂದ ಇದ್ದುದಲ್ಲವೆಂಬುದೊಂದು ವಿನೋದ. ಮುಖ್ಯಾಂಶಗಳನ್ನು ಗುರುತುಮಾಡಿಕೊಂಡು ಆಮೇಲೆ ಒಂದು ಕಟ್ಟಿಗೆ ತರಬೇಕೆಂದು ಹೊರಟಿದ್ದವನು, ಕಾಲ ಉಳಿಸುವುದಕ್ಕಾಗಿ ನಡುವೆ ಪದ್ಧತಿಯನ್ನು ಬದಲಿಸಿದುದಾಗಿ ಪೀಠಿಕೆಯಲ್ಲಿ ತಾನೇ ಹೇಳಿದಾನೆ. ಗ್ರಂಥದ ಬಂಧ ಸಡಿಲವಾಗಿರುವುದಕ್ಕೂ ಪುನರುಕ್ತಿಗಳು ಬೇಸರ ತರುವಷ್ಟಿರುವುದಕ್ಕೂ ಅದೂ ಒಂದು ಕಾರಣ. ಕೆಲ್ಸಸನನ್ನು ಎಪಿಕ್ಯೂರಸನ ಪಂಥದವನೆಂದು ಹಿಡಿದುದು ಇನ್ನೂ ದೊಡ್ಡ ದೋಷ. ಅವನ ಪುಟಪುಟದಲ್ಲಿಯೂ ಮಾತಾಡುತ್ತಿರುವವನು ಪ್ಲೇಟೋ. ಓರಿಗೆನನಿಗೂ ಈ ಸಂದೇಹ ತಲೆದೋರದೆ ಇಲ್ಲ; ಆದರೂ ಎದುರಾಳಿಯು ತನ್ನ ನಿಜವನ್ನು ಮರೆಮಾಚುತ್ತಿರಬಹುದೆಂದು ಹೇಳಿ ಜಾರಿಕೊಳ್ಳುವನು.

ಉಣ್ಣೆಯ ಕೆಲಸದವರು, ಚಪ್ಪಲಿ ಹೊಲಿಯುವವರು, ಬಟ್ಟೆ ಮಡಿಮಾಡುವವರು ಇಂಥವರು ಮನೆಮನೆಯೊಳಗೆ ಸೇರಿ ಹೆಂಗಸರಿಗೂ ಮಕ್ಕಳಿಗೂ ಹೊಸ ಮತವನ್ನು ಬೋಧಿಸುತ್ತಾರೆ, ಯಜಮಾನನೋ ಉಪಾಧ್ಯಾಯನೋ ಬಂದರೆ ಬಾಯಿ ಮುಚ್ಚುತ್ತಾರೆ ಎಂದು ಕೆಲ್ಸಸನು ಮೂರನೆಯ ಭಾಗದಲ್ಲಿ ಹೀಯಾಳಿಸುವನು. ಕ್ರೈಸ್ತರಲ್ಲಿರುವ ಒಳ್ಳೆಯ ಮಾತೆಲ್ಲ ಪ್ಲೇಟೋ ಮೊದಲೇ ಚೆನ್ನಾಗಿ ಹೇಳಿದುದೆಂಬುದು ಅವನ ಇನ್ನೊಂದು ವಾದ. ಎರಡಕ್ಕೂ ಸೇರಿ ಆರು, ಏಳನೆಯ ಭಾಗಗಳಲ್ಲಿ ದೊರೆಯುವ ಉತ್ತರವು ಸಾಹಿತ್ಯಪ್ರಿಯರು ನಿಂತು ಓದಬೇಕಾದುದು. ಒಂದೇ ಧಾನ್ಯವನ್ನು ಒಬ್ಬ ಅಡಿಗೆಯವನು ಸಂಬಾರ ಕೂಡಿಸಿ ಸಿರಿವಂತರ ನಾಲಗೆಗೆ ಹದಮಾಡುವನು. ಇನ್ನೊಬ್ಬನು ಅದನ್ನೇ ಹೊಲದಲ್ಲಿ ದುಡಿಯುವ ಬಡವರ ರೂಢಿಗೆ ತಕ್ಕಂತೆ ಬೇಯಿಸಿ ಬಹುಮಂದಿಗೆ ಬಡಿಸುವನು. ಆರೋಗ್ಯವೇ ಗುರಿಯಾದರೆ ಲೋಕಕ್ಕೆ ಹೆಚ್ಚು ಉಪಕಾರಿ ಯಾರು? ಪ್ಲೇಟೋವಿನ ಪುಸ್ತಕ ಪಂಡಿತರ ಕೈಯಲ್ಲಿ ಮಾತ್ರ ಕಾಣುತ್ತದೆ, ಎಪಿಕ್ಟೀಟಸನನ್ನಾದರೋ ಸಾಮಾನ್ಯರೂ ಮೆಚ್ಚುವರೆಂದು ಅವನು ಗ್ರೀಕರ ಮನೆಯೊಳಗಿನಿಂದಲೇ ಸಾಕ್ಷಿಯನ್ನು ತರುವನು. ಇಷ್ಟೆಲ್ಲ ಹೇಳಿಯೂ ಪ್ಲೇಟೋವಿನ ಶೈಲಿಯನ್ನು ಹಳಿಯುವುದಿಲ್ಲ. ಹಳಿಯುವುದು ಅವನ ನಡತೆಯಲ್ಲಿ ತೋರಿದ ಒಂದು ಬಿರುಕನ್ನು: ಪರಮ ಶ್ರೇಯಸ್ಸನ್ನು ಕುರಿತು ಅಷ್ಟು ಎತ್ತರದಲ್ಲಿ ನುಡಿದವರು ಪೈರೀಯಸ್ ಬಂದರಿಗೆ ಇಳಿದುಹೋಗಿ ದೇವಿಗೆ ಹರಕೆ ಹೊತ್ತರು, ಸಾಯುವಾಗ ಅಸ್ಕ್ಲೀಪಿಯಸನಿಗೆ ಕೋಳಿಯನ್ನು ನೆನೆದರು. ಪ್ಲೇಟೋವನ್ನು ಬಾಯಿಪಾಠದಂತೆ ಬಲ್ಲವನಲ್ಲದೆ ಮತ್ತಾರೂ ಈ ಎರಡು ಸಂದರ್ಭಗಳನ್ನು ಹೀಗೆ ಜೋಡಿಸಲಾರರು.

ಜಗತ್ತಿನ ಕರ್ತೃವೂ ತಂದೆಯೂ ಆದವನನ್ನು ಕಂಡುಕೊಳ್ಳುವುದು ಕಷ್ಟ, ಕಂಡರೂ ಎಲ್ಲರಿಗೆ ತಿಳಿಯಹೇಳುವುದು ಅಸಾಧ್ಯ ಎಂಬ ಅಭಿಪ್ರಾಯ 'ಟಿಮೇಯಸ್' ಸಂವಾದದಲ್ಲಿದೆ. ಕೆಲ್ಸಸನು ಅದನ್ನು ಜಯಘೋಷದಂತೆ ಉದ್ಧರಿಸುತ್ತಾನೆ. ಮಾತು ಉದಾತ್ತವೆಂದು ಓರಿಗೆನನು ತಲೆಬಾಗುವನು. ಆದರೆ ಮನುಷ್ಯನು ತನ್ನ ಶಕ್ತಿಯೊಂದರಿಂದಲೇ ದೇವರನ್ನು ಕಾಣಲಾರನು, ಹುಡುಕಲ್ಪಡುವವನೇ ನೆರವಾಗಬೇಕು, ಅದಕ್ಕಾಗಿಯೇ ಲೋಗೋಸ್ ಮೈತಳೆದು ಬಂದಿತು ಎನ್ನುವನು. ಕನ್ನಡ ಬೈಬಲು 'ವಾಕ್ಯ'ವೆಂದು ಹೇಳುವುದು ಈ ಲೋಗೋಸನ್ನೇ. ಗ್ರೀಕರ ಕಿವಿಗೆ ಆ ಪದದಲ್ಲಿ ಮಾತಿನೊಡನೆ ವಿವೇಕವೂ ಜಗತ್ತಿನ ನಿಯಮವೂ ಕೂಡಿ ಕೇಳುತ್ತಿದ್ದುವು. 'ವಾಕ್ಯ'ಕ್ಕೆ ಅಷ್ಟು ಭಾರ ಹೊರುವ ಬಲವಿಲ್ಲ. ಕ್ರೈಸ್ತಸಿದ್ಧಾಂತವೆಂಬುದು ಸುವಾರ್ತೆಯ ನೆಲದಲ್ಲಿ ಗ್ರೀಕ್ ಬುದ್ಧಿ ಕಟ್ಟಿದ ಕಟ್ಟಡವೆಂದು ಜರ್ಮನ್ ವಿದ್ವಾಂಸ ಹಾರ್ನಾಕನು ವಾದಿಸಿದುದು ಪ್ರಸಿದ್ಧವಾಗಿದೆ. ಈ ಒಂದು ಉತ್ತರವನ್ನು ನೋಡಿದರೆ ಆ ತೀರ್ಮಾನ ತುಸು ಅವಸರದ್ದೆನಿಸುವುದು. ಪದ ಗ್ರೀಕರದು; ಅದು ಚಪ್ಪಲಿ ಹೊಲಿಯುವವನ ಮನೆಗೆ ತಾನಾಗಿ ಇಳಿದು ಬರುವುದೆಂಬುದು ಗ್ರೀಕರದಲ್ಲ.

ನಾಲ್ಕನೆಯ ಭಾಗಕ್ಕೆ ಬಂದರೆ ಹಾರ್ನಾಕನ ಮಾತೇ ನಿಜವೆನಿಸುವುದು. ದೇವರು ಒಳ್ಳೆಯವನು, ಸುಂದರನು, ಪರಿಪೂರ್ಣನು. ಅವನು ಮನುಷ್ಯರ ಬಳಿಗೆ ಇಳಿದರೆ ಮಾರ್ಪಡಬೇಕು. ಪೂರ್ಣನಾದವನಿಗೆ ಮಾರ್ಪಾಡೆಂದರೆ ಕೇಡೇ ಎಂಬುದು ಕೆಲ್ಸಸನ ತರ್ಕ. ವೇಷ ಮರೆಸಿ ತಿರುಗುವ ದೇವತೆಗಳನ್ನು ವರ್ಣಿಸಿದ ಕವಿಗಳ ಮೇಲೆ 'ರಿಪಬ್ಲಿಕ್' ಗ್ರಂಥದ ಎರಡನೆಯ ಭಾಗದಲ್ಲಿ ಪ್ಲೇಟೋ ಹೂಡಿದ ಬಾಣವೇ ಇದು. ಅವತಾರವಾದವನ್ನು ಬಲ್ಲ ವಾಚಕರಿಗೆ ಈ ಕಗ್ಗಂಟು ಹೊಸದಲ್ಲ. ವೈದ್ಯನು ರೋಗಿಯ ಕೊಳೆತ ಹುಣ್ಣನ್ನು ಮುಟ್ಟಿದ ಮಾತ್ರಕ್ಕೆ ತಾನು ರೋಗಿಯಾಗುವನೆ, ಲೋಗೋಸ್ ಇಳಿದುದೂ ಹಾಗೆ ಎಂದು ಓರಿಗೆನನ ಉತ್ತರ. ಉಪಮಾನವು ಸುಂದರವಾದುದು. ಆದರೆ ಅದು ಎದುರಾಳಿಯ ಅಳತೆಗೋಲನ್ನು ಪ್ರಶ್ನಿಸದೆಯೇ ಒಪ್ಪಿಕೊಂಡಿದೆ. ದೇವರು ಮಾರ್ಪಡನೆಂಬುದಕ್ಕೆ ಕೀರ್ತನೆಯಿಂದಲೂ ಪ್ರವಾದಿಯಿಂದಲೂ ಅವನು ಪ್ರಮಾಣ ಕೊಡುವುದೇನೋ ನಿಜ. ಅದೇ ವೇದಗ್ರಂಥದಲ್ಲಿ ದೇವರು ಪಶ್ಚಾತ್ತಾಪಪಡುವುದೂ ಕೆರಳುವುದೂ ಉಂಟಷ್ಟೆ? ಅವೆಲ್ಲ ಎಳೆಯ ಮಕ್ಕಳೊಡನೆ ದೊಡ್ಡವರು ತೊದಲ್ನುಡಿ ಆಡುವಂತೆ ಎನ್ನುವನು. ಒಂದು ಬಗೆಯ ವಚನವನ್ನು ವಾಚ್ಯಾರ್ಥದಲ್ಲಿಯೂ ಇನ್ನೊಂದನ್ನು ತೊದಲ್ನುಡಿಯೆಂದೂ ತೆಗೆದುಕೊಳ್ಳಬೇಕೆಂದು ವಿಧಿಸಿದವರು ಯಾರು? ಆ ಕೈ ಪ್ರವಾದಿಯದಲ್ಲ, ಪ್ಲೇಟೋವಿನದು.

ಇದು ಅವನಿಗೆ ತಿಳಿಯದ ವಿಷಯವೆನ್ನುವಂತೆಯೂ ಇಲ್ಲ. ಯೆಹೆಜ್ಕೇಲನನ್ನು ಕುರಿತ ಅವನ ಪ್ರವಚನಗಳು ಜೆರೋಮನ ಲ್ಯಾಟಿನ್ ಅನುವಾದದಲ್ಲಿ ಉಳಿದಿವೆ. ಅವುಗಳಲ್ಲೊಂದರಲ್ಲಿ, ತಂದೆಯಾದ ದೇವರೂ ವೇದನೆಯಿಲ್ಲದವನಲ್ಲ, ಮನುಷ್ಯರಿಗಾಗಿ ಮರುಗಿ ಪ್ರೇಮದ ನೋವನ್ನು ಪಡುವನೆಂದು ಅವನು ಬಾಯಿಬಿಟ್ಟು ಹೇಳಿದಾನೆ. ಸಭೆಯ ಭಕ್ತರ ಮುಂದೆ ಆಡಿದ ಈ ಮಾತನ್ನು ದಾರ್ಶನಿಕನ ಮುಂದೆ ಆಡಲಿಲ್ಲ. ಆಡಿದ್ದರೆ ಕೆಲ್ಸಸನಿಗೆ ನಿಜವಾದ ಪ್ರತಿಪಕ್ಷವೊಂದು ಎದುರಾಗುತ್ತಿತ್ತು. ಪುನರುತ್ಥಾನವನ್ನು ಹುಳುಗಳಿಗೆ ತಕ್ಕ ಆಸೆಯೆಂದು ಅವನು ನಕ್ಕಾಗಲೂ ಓರಿಗೆನನು ಪೌಲನ ಬೀಜದ ದೃಷ್ಟಾಂತಕ್ಕೆ ಗ್ರೀಕರ ಬೀಜತತ್ತ್ವವನ್ನು ಬೆರೆಸಿ, ಈ ಮಾಂಸವೇ ಇದ್ದಂತೆ ಏಳುವುದೆಂದು ತಾವು ಹೇಳುವುದಿಲ್ಲವೆಂದು ಹಿಂದೆ ಸರಿಯುವನು.

ಬಾಳಿನಲ್ಲಿ ಕ್ರೈಸ್ತನಾಗಿದ್ದರೂ ದೇವರ ವಿಚಾರದಲ್ಲಿ ಅವನು ಗ್ರೀಕನೇ ಎಂದು ಪೋರ್ಫಿರಿಯು ಆಡಿಕೊಂಡುದನ್ನು ಯೂಸೇಬಿಯಸನು ಬರೆದಿಟ್ಟಿದಾನೆ. 250ರ ಹಿಂಸೆಯಲ್ಲಿ ಸೆರೆಮನೆಯ ಸಂಕೋಲೆಯನ್ನು ಅನುಭವಿಸಿ ಕೆಲವು ವರ್ಷಗಳಲ್ಲಿಯೇ ತೀರಿಕೊಂಡವನಿಗೆ ಅದು ಕಠಿನವಾದ ಮಾತು. 325ರಲ್ಲಿ ನೈಸೀಯದ ಸಭೆಯು ಮಗನು ತಂದೆಯೊಡನೆ ಒಂದೇ ಸತ್ತ್ವವುಳ್ಳವನೆಂದು ಸಾರುವುದಕ್ಕೆ ಬೈಬಲಿನಲ್ಲಿ ಎಲ್ಲಿಯೂ ಇಲ್ಲದ ಗ್ರೀಕ್ ಪದವೊಂದನ್ನು ಆರಿಸಿತು. 553ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆಯು ಓರಿಗೆನನ ಹೆಸರನ್ನು ಪಾಷಂಡಿಗಳ ಸಾಲಿಗೆ ಸೇರಿಸಿತು. ಅವನ ಗ್ರಂಥಗಳಲ್ಲಿ ಎಷ್ಟೋ ಮೂಲದಲ್ಲಿ ಅಳಿದುವು. ಈ ಪ್ರತ್ಯುತ್ತರವು ಮಾತ್ರ ಗ್ರೀಕಿನಲ್ಲಿಯೇ ಪೂರ್ಣವಾಗಿ ಉಳಿಯಿತು. 1941ರಲ್ಲಿ ಕೈರೋ ಸಮೀಪದ ತೂರಾ ಎಂಬಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿಯೂ ಇದರ ಮೊದಲೆರಡು ಭಾಗಗಳ ಅಂಶಗಳಿವೆ.

ಗ್ರಂಥದ ಕಡೆಯಲ್ಲಿ ಓರಿಗೆನನು, ಇದನ್ನು ಬರೆಯಿಸಿದ ತನ್ನ ಪೋಷಕ ಆಂಬ್ರೋಸನಿಗೆ ಒಂದು ಮಾತು ಹೇಳುವನು. ಬಾಳಬೇಕಾದ ಬಗೆಯನ್ನು ಕುರಿತು ಇನ್ನೊಂದು ಗ್ರಂಥ ಬರೆಯುವೆನೆಂದು ಕೆಲ್ಸಸನು ಮಾತು ಕೊಟ್ಟಿದ್ದನಂತೆ. ಅವನು ಅದನ್ನು ಬರೆದಿದ್ದರೆ ಹುಡುಕಿ ಕಳುಹಿಸಬೇಕು. ಅದರಲ್ಲಿ ತಪ್ಪಾದುದನ್ನು ಖಂಡಿಸೋಣ, ಸರಿಯಾದುದನ್ನು ಸರಿಯೆಂದು ಒಪ್ಪೋಣ ಎಂದು ಅವನ ಕೋರಿಕೆ. ಅಂಥ ಗ್ರಂಥವೊಂದು ಅವನ ಕೈಸೇರಿದ ಕುರುಹು ಎಲ್ಲಿಯೂ ಇಲ್ಲ.