ಕೊನೆ ಗೊತ್ತಿರುವ ಕಥೆಯಲ್ಲಿ ಎದುರಾಳಿಗೆ ಮಾತೆಲ್ಲಿ? ಟಿವಿಗಾಗಿ ತಯಾರಾಗುವ ಕ್ರಿಸ್‌ಮಸ್ ಪ್ರೇಮಚಿತ್ರಗಳ ಬಗ್ಗೆ

ಧ್ವನಿ ಕೇಳಿಸ್ತಾ ಉಂಟು ಅಂತ ಭಾವಿಸ್ತೇನೆ. ನಡುವೆ ಕಡಿದುಹೋದರೆ ಚಾಟ್‌ನಲ್ಲಿ ಹೇಳಿ, ಮತ್ತೊಮ್ಮೆ ಹೇಳ್ತೇನೆ.

ಈ ವಿಷಯ ಕೊಟ್ಟಾಗ, ಕನ್ನಡ ಎಂ.ಎ. ಓದುವವರು ಅಮೆರಿಕದ ಟಿವಿ ಸಿನಿಮಾಗಳ ಬಗ್ಗೆ ಮಾತಾಡಿ ಏನಾಗ್ಬೇಕು ಅಂತ ನಮ್ಮ ಬ್ಯಾಚಿನವರೇ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಈಗಲೇ ಉತ್ತರ ಕೊಡುವುದಿಲ್ಲ, ಮಾತಿನ ಮಧ್ಯದಲ್ಲಿ ತಾನಾಗಿ ಬರ್ತದೆ.

ನೋಡದೆ ಇರುವವರಿಗಾಗಿ ಮೊದಲು ಕಥೆ ಹೇಳ್ತೇನೆ. ಒಂದೇ ಕಥೆ ಹೇಳಿದರೆ ಸಾಕು, ನೂರು ಸಿನಿಮಾ ಹೇಳಿದ ಹಾಗೆ. ದೊಡ್ಡ ಊರಿನಲ್ಲಿ ಒಳ್ಳೆ ಕೆಲಸದಲ್ಲಿರುವ ಹೆಣ್ಣುಮಗಳು. ಜೊತೆಗೆ ಯಾವಾಗಲೂ ಫೋನಿನಲ್ಲೇ ಇರುವ ಒಬ್ಬ ಗೆಳೆಯ. ಡಿಸೆಂಬರ್‌ನಲ್ಲಿ ಏನೋ ಕಾರಣಕ್ಕೆ ಅವಳು ಒಂದು ಸಣ್ಣ ಊರಿಗೆ ಬರ್ತಾಳೆ. ಅಲ್ಲಿ ಒಬ್ಬ ಬಡಗಿ, ಅಥವಾ ಬೇಕರಿಯವನು, ಅಥವಾ ಕ್ರಿಸ್‌ಮಸ್ ಮರ ಬೆಳೆಸುವವನು. ಹೆಂಡತಿ ತೀರಿಹೋಗಿರ್ತಾಳೆ, ಒಂದು ಮಗು ಇರ್ತದೆ. ಊರಿನ ಹಳೇ ಅಂಗಡಿಯೋ ವಸತಿಗೃಹವೋ ಮುಚ್ಚುವ ಸ್ಥಿತಿಯಲ್ಲಿರ್ತದೆ. ಇಬ್ಬರೂ ಸೇರಿ ಮರ ಅಲಂಕರಿಸ್ತಾರೆ, ಬಿಸ್ಕತ್ತು ಬೇಯಿಸ್ತಾರೆ, ಮುತ್ತು ಕೊಡಬೇಕು ಅನ್ನುವಷ್ಟರಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. ಒಂದು ತಪ್ಪು ತಿಳಿವಳಿಕೆ. ಆಮೇಲೆ ಹಿಮ ಬೀಳ್ತದೆ, ಮುತ್ತು ಆಗ್ತದೆ, ಅಂಗಡಿ ಉಳಿತದೆ.

ಇದರ ಮುಖ್ಯ ಕಾರ್ಖಾನೆ ಹಾಲ್‌ಮಾರ್ಕ್ ಚಾನೆಲ್. ಈ ಹೆಸರಿನ ಹಿಂದೆ ಇರುವುದು ಶುಭಾಶಯ ಪತ್ರ ಮಾರುವ ಕಂಪನಿ ಅನ್ನೋದನ್ನು ಮರೀಬಾರದು. ಜಾಯ್ಸ್ ಹಾಲ್ ಎನ್ನುವ ಹುಡುಗ 1910ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಪೋಸ್ಟ್‌ಕಾರ್ಡ್ ಮಾರುವುದರಿಂದ ಶುರು ಮಾಡಿದ ವ್ಯಾಪಾರ ಅದು. 1951ರ ಕ್ರಿಸ್‌ಮಸ್ ಮುನ್ನಾದಿನ ಆ ಕಂಪನಿಯ ಪ್ರಾಯೋಜನೆಯಲ್ಲಿ ಟಿವಿಗೆಂದೇ ಬರೆಸಿದ ಒಂದು ಆಪೆರಾ, ಮೆನೊಟ್ಟಿಯ ‘ಅಮಾಲ್ ಅಂಡ್ ದ ನೈಟ್ ವಿಸಿಟರ್ಸ್’, ಪ್ರಸಾರ ಆಯಿತು. ಅಲ್ಲಿಂದ 2001ಕ್ಕೆ ಹಾಲ್‌ಮಾರ್ಕ್ ಹೆಸರಿನದೇ ಚಾನೆಲ್ ಬಂತು. 2009ರಿಂದ ‘ಕೌಂಟ್‌ಡೌನ್ ಟು ಕ್ರಿಸ್‌ಮಸ್’ ಅಂತ ಒಂದು ಋತುವನ್ನೇ ಮಾಡಿಟ್ಟರು. ಈಗ ಅದು ಅಕ್ಟೋಬರ್‌ನಲ್ಲೇ ಶುರುವಾಗ್ತದೆ. ಕೆಲವು ವರ್ಷ ನಲವತ್ತರಷ್ಟು ಹೊಸ ಚಿತ್ರಗಳು ಬಂದದ್ದೂ ಉಂಟು.

ಕಾರ್ಡಿನ ವಿಷಯ ಯಾಕೆ ಹೇಳಿದೆ ಅಂದರೆ, ಈ ಚಿತ್ರಗಳ ತರ್ಕ ಕಾರ್ಡಿನ ತರ್ಕವೇ. ಶುಭಾಶಯ ಪತ್ರ ಬಂದಾಗ ಇದರಲ್ಲಿ ಹೊಸತೇನೂ ಇಲ್ಲ ಅಂತ ಯಾರೂ ದೂರುವುದಿಲ್ಲ. ಕಳೆದ ವರ್ಷದ್ದೇ ಚಿತ್ರ, ಕಳೆದ ವರ್ಷದ್ದೇ ಮಾತು. ನಾವು ನೋಡುವುದು ಯಾರು ಕಳಿಸಿದ್ದು ಅಂತ. ನವೆಂಬರ್‌ನ ಸಂಜೆ ಒಬ್ಬಳೇ ಇಸ್ತ್ರಿ ಹಾಕ್ತಾ ಟಿವಿ ಹಚ್ಚಿದ ಹೆಂಗಸಿಗೆ ಆ ಸಿನಿಮಾ ಒಂದು ಕಾರ್ಡು. ಅವಳನ್ನು ಯಾರೋ ನೆನಪಿಟ್ಟುಕೊಂಡಿದ್ದಾರೆ ಅನ್ನುವ ಭಾವ ಅದರಲ್ಲಿ ಉಂಟು. ಇದನ್ನು ಗೇಲಿ ಮಾಡುವುದು ಸುಲಭ. ಗೇಲಿಯನ್ನು ನೆಟ್‌ಫ್ಲಿಕ್ಸೇ ಮಾಡಿ ನೋಡಿತು. 2017ರ ‘ಎ ಕ್ರಿಸ್‌ಮಸ್ ಪ್ರಿನ್ಸ್’ ಅನ್ನು ಹದಿನೆಂಟು ದಿನ ದಿನಾ ನೋಡಿದ 53 ಜನರಿಗೆ ನಿಮ್ಮ ಮನಸ್ಸು ನೋಯಿಸಿದವರು ಯಾರು ಅಂತ ಟ್ವೀಟ್ ಮಾಡಿ, ನಮ್ಮನ್ನು ಹೀಗೆ ಕದ್ದು ನೋಡ್ತೀರಾ ಅಂತ ಜನರಿಂದ ಬೈಸಿಕೊಂಡಿತು.

ತಯಾರಿಯ ಬಗ್ಗೆ ಬೇಗ ಹೇಳಿ ಮುಗಿಸ್ತೇನೆ. ಬಹುಪಾಲು ಚಿತ್ರೀಕರಣ ಕೆನಡಾದಲ್ಲಿ, ಎರಡು ಮೂರು ವಾರದೊಳಗೆ, ಎಷ್ಟೋ ಸಲ ಬೇಸಿಗೆಯಲ್ಲಿ. ಉಣ್ಣೆ ಕೋಟು ಹಾಕಿಕೊಂಡು ನಟರು ಬೆವರ್ತಾ ಇರ್ತಾರೆ, ಹಿಮ ಕೃತಕ. ಜಾಹೀರಾತಿಗೆ ಜಾಗ ಬಿಟ್ಟು ಎರಡು ಗಂಟೆಗೆ ಹೊಂದಿಸುವಂತೆ ಕಥೆಯನ್ನು ಒಂಬತ್ತು ತುಂಡು ಮಾಡಿ ಬರೀತಾರೆ. ಬಾಗಿಲು ತಟ್ಟಿ ಮುತ್ತು ತಪ್ಪುವುದು ಯಾಕೆ ಅಂತ ಈಗ ಗೊತ್ತಾಯ್ತಲ್ಲ, ಆಚೆ ಸೋಪಿನ ಜಾಹೀರಾತು ಕಾಯ್ತಾ ಇರ್ತದೆ.

ಇನ್ನು ಮುಖ್ಯ ವಿಷಯ. ಈ ಚಿತ್ರಗಳ ಮೇಲೆ ಎಲ್ಲರೂ ಹೊರಿಸುವ ದೋಷ ಒಂದೇ: ಕೊನೆ ಮೊದಲೇ ಗೊತ್ತಾಗ್ತದೆ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದೆ ಇರುವುದಕ್ಕೆ ಕಾರಣ ನಾನು ಬೆಳೆದ ಕಡೆ ಉಂಟು. ಕುಂಬಳೆ ಪಾರ್ತಿಸುಬ್ಬನ ಸೀಮೆಯವರಿಗೆ ಕೊನೆ ಗೊತ್ತಿರುವ ಕಥೆ ಹೊಸತಲ್ಲ. ವಾಲಿ ಸಾಯ್ತಾನೆ ಅಂತ ಗೊತ್ತಿಲ್ಲದೆ ವಾಲಿವಧೆಯ ತಾಳಮದ್ದಳೆಗೆ ಯಾರಾದರೂ ಹೋಗ್ತಾರಾ? ಪದ್ಯವೂ ಗೊತ್ತು, ಬಾಣ ಯಾವಾಗ ತಾಗ್ತದೆ ಅಂತಲೂ ಗೊತ್ತು. ಆದರೂ ರಾತ್ರಿ ನಿದ್ದೆಗೆಟ್ಟು ಕೂತುಕೊಳ್ಳುವುದು ಬಾಣ ತಾಗಿದ ಮೇಲಿನ ಮಾತಿಗಾಗಿ. ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ ಅಂತ ವಾಲಿ ಕೇಳ್ತಾನೆ. ಅರ್ಥಧಾರಿ ಗಟ್ಟಿಗನಾದರೆ ರಾಮನಿಗೆ ಉತ್ತರ ಕೊಡುವುದು ಕಷ್ಟ ಆಗ್ತದೆ. ಸಾಯುವವನಿಗೆ ಅಲ್ಲಿ ಪೂರ್ತಿ ಮಾತಿನ ಹಕ್ಕು ಉಂಟು. ಕೊನೆ ಬದಲಾಗುವುದಿಲ್ಲ, ಆದರೆ ಆ ಕೊನೆಯ ಬೆಲೆ ಎಷ್ಟು ಅಂತ ನಮಗೆ ಅಲ್ಲಿ ತಿಳೀತದೆ.

ಕ್ರಿಸ್‌ಮಸ್ ಚಿತ್ರಗಳಲ್ಲಿ ಇಲ್ಲದ್ದು ಇದೇ. ಕೊನೆ ಗೊತ್ತಿರುವುದು ಅವುಗಳ ದೋಷ ಅಲ್ಲ. ಎದುರಾಳಿಗೆ ಅರ್ಥ ಹೇಳಲು ಬಿಡದೆ ಇರುವುದು ದೋಷ. ಫೋನಿನಲ್ಲೇ ಇರುವ ಆ ಗೆಳೆಯ ನೋಡಿ, ಅವನ ಕೈಯಲ್ಲಿ ಒಂದು ನ್ಯಾಯವಾದ ವಾಕ್ಯ ಹೇಳಿಸುವುದಿಲ್ಲ. ವಸತಿಗೃಹ ಕೊಳ್ಳಲು ಬಂದ ಕಂಪನಿಯವನಿಗೂ ಅಷ್ಟೆ. ಈ ಅಂಗಡಿ ಹತ್ತು ವರ್ಷದಿಂದ ನಷ್ಟದಲ್ಲಿ ಉಂಟು, ಊರಿನವರೇ ಆನ್‌ಲೈನ್‌ನಲ್ಲಿ ತರಿಸ್ತಾರೆ, ನಾನು ಕೊಳ್ಳದಿದ್ದರೆ ಯಾರು ಕೊಳ್ತಾರೆ ಅಂತ ಅವನು ಒಮ್ಮೆ ಕೇಳಬೇಕಲ್ಲ. ಕೇಳಿದರೆ ಬಡಗಿಯ ಹತ್ತಿರ ಉತ್ತರ ಇಲ್ಲ. ಆದ್ದರಿಂದ ಕೇಳಿಸುವುದೇ ಇಲ್ಲ.

‘ಎ ಕ್ರಿಸ್‌ಮಸ್ ಪ್ರಿನ್ಸ್’ನ ಎರಡನೇ ಭಾಗ ‘ದ ರಾಯಲ್ ವೆಡ್ಡಿಂಗ್’ 2018ರಲ್ಲಿ ಬಂತು. ಆಲ್ಡೋವಿಯಾ ಎಂಬ ಕಲ್ಪಿತ ದೇಶ. ರಾಜನ ಆಧುನೀಕರಣದ ಯೋಜನೆ ಕುಸಿದು ಕೆಲಸಗಾರರಿಗೆ ಸಂಬಳ ಇಲ್ಲ, ಪ್ರತಿಭಟನೆ. ನಾನು ನೆಟ್ಟಗೆ ಕೂತೆ, ಇದೇನೋ ಬೇರೆ ದಾರಿ ಹಿಡೀತಾ ಉಂಟಲ್ಲ ಅಂತ. ಕಡೆಗೆ ಆದದ್ದೇನು? ಒಬ್ಬ ಪ್ರಭು ಗುಟ್ಟಾಗಿ ಹಣ ನುಂಗಿದ್ದ ಅಂತ ನಾಯಕಿ ಕಂಡುಹಿಡೀತಾಳೆ. ಅವನು ಸಿಕ್ಕಿಬಿದ್ದ ಮೇಲೆ ಕೆಲಸಗಾರರಿಗೆ ಹಣ ಬರ್ತದೆ, ಮದುವೆ ನಡೀತದೆ. ಇಡೀ ದೇಶದ ಕಷ್ಟ ಒಬ್ಬ ಕಳ್ಳನ ಕಿಸೆಯಲ್ಲಿತ್ತು! ಕೆಲಸಗಾರರಲ್ಲಿ ಒಬ್ಬನ ಮನೆಗಾದರೂ ಕ್ಯಾಮೆರಾ ಹೋಗಿ ಕೂರುವುದಿಲ್ಲ.

ಹಾಗಾದರೆ ಈ ಪ್ರಕಾರದಲ್ಲಿ ಇದು ಸಾಧ್ಯವೇ ಇಲ್ಲವಾ? ಉಂಟು. ಟಿವಿ ಚಿತ್ರಗಳ ಅಜ್ಜಿ ಅನ್ನಬಹುದಾದ ಒಂದು ಸಿನಿಮಾ, 1940ರಲ್ಲಿ ಲುಬಿಚ್ ಮಾಡಿದ ‘ದ ಶಾಪ್ ಅರೌಂಡ್ ದ ಕಾರ್ನರ್’. ಹಂಗೇರಿಯ ನಾಟಕಕಾರ ಮಿಕ್ಲೋಶ್ ಲಾಸ್ಲೋ ಬರೆದ ನಾಟಕದಿಂದ ಬಂದದ್ದು. ಬುಡಾಪೆಸ್ಟ್‌ನ ಒಂದು ಅಂಗಡಿ, ಅಲ್ಲಿ ಜಗಳಾಡುವ ಇಬ್ಬರು ನೌಕರರು. ಪರಸ್ಪರ ಹೆಸರು ಗೊತ್ತಿಲ್ಲದೆ ಪತ್ರ ಬರೆದುಕೊಳ್ಳುವ ಪ್ರೇಮಿಗಳೂ ಅವರೇ. ಕೊನೆ ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗ್ತದೆ. ಆದರೆ ಇದರಲ್ಲಿ ಕೆಲಸ ಹೋಗುವ ಭಯ ನಿಜವಾದದ್ದು. ನಾಯಕನನ್ನು ಯಜಮಾನ ತಪ್ಪು ಅನುಮಾನದಿಂದ ಕೆಲಸದಿಂದ ತೆಗೀತಾನೆ. ಸತ್ಯ ಗೊತ್ತಾದಾಗ ಅದೇ ಯಜಮಾನ ಪ್ರಾಣ ಕಳೆದುಕೊಳ್ಳಲು ಹೊರಟು, ಅಂಗಡಿಯ ಹುಡುಗ ತಡೆದದ್ದರಿಂದ ಉಳೀತಾನೆ. ಕ್ರಿಸ್‌ಮಸ್ ಮುನ್ನಾದಿನ ವ್ಯಾಪಾರ ಭರ್ಜರಿ ಆಗ್ತದೆ, ಎಲ್ಲರೂ ಹೊರಡ್ತಾರೆ. ಯಜಮಾನನಿಗೆ ಮನೆಗೆ ಹೋದರೆ ಯಾರೂ ಇಲ್ಲ. ಅಂಗಡಿಯೆದುರು ಹಿಮದಲ್ಲಿ ನಿಂತು ಊಟಕ್ಕೆ ಜೊತೆ ಹುಡುಕ್ತಾನೆ. ಎಲ್ಲರಿಗೂ ಎಲ್ಲಿಗೋ ಹೋಗಲಿಕ್ಕುಂಟು. ಕಡೆಗೆ ಸಿಗುವವನು ಹೊಸತಾಗಿ ಸೇರಿದ ರೂಡಿ ಎಂಬ ಹುಡುಗ, ಅವನಿಗೂ ಆ ಊರಲ್ಲಿ ಯಾರೂ ಇಲ್ಲ. ಇಬ್ಬರೂ ಏನೇನು ತಿನ್ನಬಹುದು ಅಂತ ಮಾತಾಡ್ತಾರೆ. ಎರಡು ನಿಮಿಷದ ದೃಶ್ಯ ಇರಬಹುದು. ಪ್ರೇಮಕಥೆಗೆ ಅದರ ಅಗತ್ಯವೇ ಇಲ್ಲ. ಆದರೆ ಹಬ್ಬದ ದಿನ ಹೊರಗುಳಿದವರು ಯಾರು ಅನ್ನುವುದನ್ನು ಆ ಸಿನಿಮಾ ಮರೆಯಲಿಲ್ಲ.

ಈಗ ಟಿವಿ ಚಿತ್ರಗಳ ಪರವಾಗಿ. ಇದನ್ನು ಔಪಚಾರಿಕತೆಗೆ ಹೇಳ್ತಾ ಇಲ್ಲ. ‘ದ ಕ್ರಿಸ್‌ಮಸ್ ಕಾರ್ಡ್’ ಅಂತ 2006ರದ್ದು. ಅಫ್ಘಾನಿಸ್ತಾನದಲ್ಲಿರುವ ಸೈನಿಕನಿಗೆ ಪರಿಚಯವೇ ಇಲ್ಲದ ಹೆಣ್ಣೊಬ್ಬಳು ಬರೆದ ಕಾರ್ಡು ಸಿಗ್ತದೆ. ರಜೆಯಲ್ಲಿ ಅವಳ ಊರಿಗೆ ಬಂದವನು ಅವಳ ಮನೆಯವರ ಮರದ ಕೆಲಸಕ್ಕೇ ಸೇರ್ತಾನೆ, ಕಾರ್ಡಿನ ವಿಷಯ ಮಾತ್ರ ಬಾಯಿ ಬಿಡುವುದಿಲ್ಲ. ಅವಳ ತಂದೆಯ ಪಾತ್ರ ಎಡ್ ಆಸ್ನರ್ ಮಾಡಿದ್ದು, ಅದಕ್ಕೆ ಎಮ್ಮಿ ನಾಮನಿರ್ದೇಶನ ಬಂತು. ಯುದ್ಧ ಕಂಡ ಹುಡುಗನ ಜೊತೆ ಒಬ್ಬ ಮುದುಕ ಹೇಗೆ ಮಾತಾಡ್ಬೇಕೋ ಹಾಗೆ ಮಾತಾಡ್ತಾನೆ, ಉಪದೇಶ ಇಲ್ಲ. ಈ ಚಿತ್ರಗಳಲ್ಲಿ ವಯಸ್ಸಾದವರಿಗೆ ಜಾಗ ಉಂಟು. ಕೈಕೆಲಸಕ್ಕೆ ಮರ್ಯಾದೆ ಉಂಟು. ಸಂಗಾತಿ ತೀರಿಹೋದವರು ಮತ್ತೆ ಪ್ರೀತಿಸುವುದನ್ನು ತಪ್ಪು ಅಂತ ತೋರಿಸುವುದಿಲ್ಲ. ನಮ್ಮ ಧಾರಾವಾಹಿಗಳಲ್ಲಿ ವಿಧವೆಗೆ ಎರಡನೇ ಮದುವೆ ಅಂದರೆ ಇನ್ನೂರು ಕಂತಿನ ಕಣ್ಣೀರು ಬೇಕು. ಇಲ್ಲಿ ಅದು ಸಹಜ, ಕೋಕೋ ಕುಡಿದಷ್ಟು ಸಹಜ. ಮತ್ತೆ, ಹೆಣ್ಣಿಗೆ ಅಪಮಾನ ಮಾಡಿ ನಗಿಸುವುದು ಇಲ್ಲ. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಯಾರ ಪ್ರೀತಿಗೆ ಜಾಗ ಅನ್ನುವ ಪ್ರಶ್ನೆಯಲ್ಲಿ ಮಾತ್ರ ಚರಿತ್ರೆ ಅಷ್ಟು ಚೆನ್ನಾಗಿಲ್ಲ. 2019ರ ಡಿಸೆಂಬರ್‌ನಲ್ಲಿ ಇಬ್ಬರು ಮದುಮಗಳಂದಿರು ಮುತ್ತು ಕೊಡುವ ಜಾಹೀರಾತನ್ನು ಚಾನೆಲ್ ಹಿಂತೆಗೆದುಕೊಂಡಿತು, ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿತು. ಮುಂದಿನ ವರ್ಷ ‘ದ ಕ್ರಿಸ್‌ಮಸ್ ಹೌಸ್’ನಲ್ಲಿ ಮಗುವನ್ನು ದತ್ತು ತಗೊಳ್ಳಲು ಕಾಯುವ ಗಂಡಸರ ಜೋಡಿ ಬಂತು, 2022ರ ‘ದ ಹಾಲಿಡೇ ಸಿಟರ್’ನಲ್ಲಿ ಅಂಥ ಜೋಡಿಯೇ ಕಥಾನಾಯಕರು. ಇದನ್ನು ಒಪ್ಪದವರಿಗೆ ಬೇರೆ ಚಾನೆಲ್ಲೂ ಹುಟ್ಟಿತು. ಧರ್ಮದ ಬಗ್ಗೆ ಒಂದು ಮಾತು: ಇಷ್ಟು ಕ್ರಿಸ್‌ಮಸ್ ಇದ್ದರೂ ಹೆಚ್ಚಿನ ಚಿತ್ರಗಳಲ್ಲಿ ಇಗರ್ಜಿ ಕಾಣುವುದೇ ಅಪರೂಪ. ನಾನು ನೋಡಿದ ಕ್ರಿಸ್‌ಮಸ್ ಅಂದರೆ ಬೇಳದ ಇಗರ್ಜಿಯ ಕಡೆಯ ಗೆಳತಿಯ ಮನೆಯದ್ದು. ಗೋದಲಿ, ಕುಸ್ವಾರ್, ನಡುರಾತ್ರಿಯ ಪೂಜೆ. ಅದಕ್ಕೂ ಇದಕ್ಕೂ ಸಮಾನವಾದದ್ದು ನಕ್ಷತ್ರದ ದೀಪ ಮಾತ್ರ.

ಕೊನೆಯದಾಗಿ ‘ಕ್ರಿಸ್‌ಮಸ್ ಅಂಡರ್ ರ‍್ಯಾಪ್ಸ್’, 2014. ಬಾಸ್ಟನ್‌ನಲ್ಲಿ ದೊಡ್ಡ ಅವಕಾಶ ತಪ್ಪಿದ ಯುವ ವೈದ್ಯೆ ಅಲಾಸ್ಕಾದ ಗಾರ್ಲೆಂಡ್ ಎಂಬ ಸಣ್ಣ ಊರಿಗೆ ಬರ್ತಾಳೆ. ಕಡೆಗೆ ಬಾಸ್ಟನ್‌ನಿಂದ ಕರೆ ಬಂದರೂ ಅಲ್ಲೇ ಉಳೀತಾಳೆ, ಆ ಊರಿನ ಗುಟ್ಟು ಸಾಂತಾಕ್ಲಾಸ್. ಮೊದಲ ಸಲ ನೋಡಿದಾಗ ನಕ್ಕು ಬಿಟ್ಟಿದ್ದೆ. ಎರಡನೇ ಸಲ ನೋಡಿದ್ದು 2020ರಲ್ಲಿ. ಆ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿತ್ತು, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ ಕಾಸರಗೋಡಿನ ರೋಗಿಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಗ ಗಾರ್ಲೆಂಡ್ ನನಗೆ ಬೇರೆಯೇ ಆಗಿ ಕಂಡಿತು. ಡಾಕ್ಟರು ಬೇಕಾದ ಊರಿಗೆ ಡಾಕ್ಟರು ಬರುವುದಕ್ಕೆ ಅವಳಿಗೆ ಪ್ರೇಮ ಆಗಬೇಕಾ? ಅವಳು ಬಾಸ್ಟನ್‌ಗೆ ಹೋಗಿದ್ದರೆ ಆ ಊರಿನ ಗತಿ ಏನು? ಈ ಪ್ರಶ್ನೆ ಸಿನಿಮಾದ ಒಳಗೇ ಉಂಟು, ಆದರೆ ಅದನ್ನು ಕೇಳುವ ಪಾತ್ರ ಇಲ್ಲ. ಊರು ಬಿಟ್ಟು ಹೋದವರು ಸ್ವಾರ್ಥಿಗಳು, ಬಂದು ಉಳಿದವರು ಒಳ್ಳೆಯವರು ಅನ್ನುವ ಲೆಕ್ಕ ಮಾತ್ರ ಉಂಟು. ಓದಿಗೆ, ಕೆಲಸಕ್ಕೆ ಊರು ಬಿಟ್ಟವರು ಈ ಪರದೆಯಲ್ಲೇ ಎಷ್ಟು ಜನ ಇದ್ದೇವೆ ನೋಡಿ. ನಮ್ಮ ಪರವಾಗಿ ಅಲ್ಲಿ ಯಾರೂ ಅರ್ಥ ಹೇಳುವುದಿಲ್ಲ.

ಪ್ರಶ್ನೆ: ತಾಳಮದ್ದಳೆಗೆ ಹೋಲಿಸಿದ್ದು ಸ್ವಲ್ಪ ಹೆಚ್ಚಾಯ್ತಲ್ಲ? ಎರಡು ವಾರದಲ್ಲಿ ಮಾಡಿದ ಟಿವಿ ಸಿನಿಮಾದಿಂದ ವಾಲಿಯ ಮಾತು ನಿರೀಕ್ಷಿಸುವುದು ನ್ಯಾಯವಾ?

ಉತ್ತರ: ಪೂರ್ತಿ ನ್ಯಾಯ ಅಲ್ಲ, ಒಪ್ತೇನೆ ಸರ್. ಅರ್ಥಧಾರಿಯ ಹಿಂದೆ ವರ್ಷಗಟ್ಟಲೆ ಓದು ಇರ್ತದೆ. ಇಲ್ಲಿ ನಟನಿಗೆ ಸಂಭಾಷಣೆ ಬಾಯಿಪಾಠ ಮಾಡಲಿಕ್ಕೂ ಪುರುಸೊತ್ತಿಲ್ಲ. ಆದರೆ ನಾನು ಕೇಳ್ತಾ ಇರುವುದು ಪಾಂಡಿತ್ಯ ಅಲ್ಲ, ಸರದಿ. ಈಗ ನಿನ್ನ ಸರದಿ, ಹೇಳು ಅಂತ ಎದುರಿನವನಿಗೆ ಬಿಟ್ಟುಕೊಡುವುದು. ರೂಡಿಯ ದೃಶ್ಯಕ್ಕೆ ಬೇಕಾದದ್ದು ಇಬ್ಬರು ನಟರು, ಸ್ವಲ್ಪ ಹಿಮ. ಹಿಮ ಅಂತೂ ಇವರ ಹತ್ತಿರ ಲಾರಿಗಟ್ಟಲೆ ಉಂಟು.