ಮೊದಲ ಹೊಲಿಗೆ ಗೊಂಬೆಯದೇ ಆಗಲಿ

ಮಕ್ಕಳಿಗೆ ಹೊಲಿಗೆ ಕಲಿಸುವವರು ಸಾಮಾನ್ಯವಾಗಿ ಕರವಸ್ತ್ರದ ಅಂಚಿನಿಂದಲೋ ಗುಂಡಿ ಹಚ್ಚುವುದರಿಂದಲೋ ಶುರು ಮಾಡುತ್ತಾರೆ. ನೇರ ಗೆರೆ, ಒಂದೇ ಅಳತೆ, ತಪ್ಪಿದರೆ ಬಿಚ್ಚಿ ಮತ್ತೆ ಹಾಕು. ಎಂಟು ವರ್ಷದ ಮಗುವಿಗೆ ಇದರಲ್ಲಿ ಬೇಸರ ಬರದೆ ಇನ್ನೇನು? ಮೊದಲ ಪಾಠಕ್ಕೆ ಬಟ್ಟೆ ಗೊಂಬೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯಲ್ಲಿ ಸಿಗುವ, ಮೊದಲೇ ತೂತು ಕೊರೆದಿಟ್ಟ ಕಿಟ್ ಅಲ್ಲ. ಮಗು ತಾನೇ ಚಿತ್ರ ಬಿಡಿಸಿ, ಕತ್ತರಿಸಿ, ಹೊಲಿದು, ತುಂಬಿದ ಗೊಂಬೆ. ರವಿಕೆಯಲ್ಲಿ ಅರ್ಧ ಇಂಚು ತಪ್ಪಿದರೆ ಬಟ್ಟೆಯೇ ದಂಡ. ಆನೆಯ ಕಿವಿ ಅರ್ಧ ಇಂಚು ಓರೆಯಾದರೆ ಅದು ಆ ಆನೆಯ ಮುಖಲಕ್ಷಣ.

ತಪ್ಪು ನಡೆಯುತ್ತದೆ ಎಂದ ಮಾತ್ರಕ್ಕೆ ಕಲಿಕೆ ಹಗುರವಲ್ಲ. ಮಗು ಕಾಗದದ ಮೇಲೆ ಬೆರಳಗಲದ ಕೈಕಾಲು ಬಿಡಿಸುತ್ತದೆ. ಸುತ್ತಲೂ ಕಾಲಿಂಚು ಬಿಟ್ಟು ಒಳಗೆ ಹೊಲಿದರೆ ಉಳಿಯುವುದು ಪೆನ್ಸಿಲ್ ದಪ್ಪದ ಕೊಳವೆ. ಅದನ್ನು ಒಳಮೈ ಹೊರಕ್ಕೆ ತಿರುವುವುದು ದೊಡ್ಡವರಿಗೂ ಕಷ್ಟ. ಚಪ್ಪಟೆ ಬಟ್ಟೆ ಹತ್ತಿ ತುಂಬಿ ಉಬ್ಬಿದಾಗ ಅಗಲ ಕಳೆದುಕೊಳ್ಳುತ್ತದೆ, ಹಾಗಾಗಿ ಚಿತ್ರದಲ್ಲಿ ದಪ್ಪಗಿದ್ದ ಹೊಟ್ಟೆ ಕೈಗೆ ಬರುವಾಗ ಸಣ್ಣದಾಗಿರುತ್ತದೆ. ಮುಂದಿನ ಗೊಂಬೆಯನ್ನು ಮಗು ಅಗಲವಾಗಿಯೇ ಬಿಡಿಸುತ್ತದೆ. ಗುಂಡಗಿನ ತಲೆ ಸುಕ್ಕುಗಟ್ಟಿತೆಂದರೆ ತಿರುವುವ ಮುನ್ನ ಅಂಚಿಗೆ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿಲ್ಲ ಎಂದರ್ಥ. ರನ್ನಿಂಗ್ ಸ್ಟಿಚ್ ಸಂದಿಯಲ್ಲಿ ಹತ್ತಿ ಇಣುಕಿದ ಮೇಲೆ ಬ್ಯಾಕ್ ಸ್ಟಿಚ್ ಏಕೆ ಬೇಕೆಂದು ಯಾರೂ ಉಪದೇಶ ಮಾಡಬೇಕಾಗಿಲ್ಲ.

ಹೊಲಿದ ಗೊಂಬೆಗೆ ಮಕ್ಕಳು ಮನಸೋಲುವುದು ಹೊಸದೇನಲ್ಲ. ಪೋಲಿಯೊದಿಂದ ನಡೆಯಲಾಗದಿದ್ದ, ಬಲಗೈಯೂ ಸರಿಯಾಗಿ ಆಡದಿದ್ದ ಜರ್ಮನಿಯ ಮಾರ್ಗರೆಟೆ ಸ್ಟೈಫ್ 1880ರಲ್ಲಿ ಸೂಜಿ ಚುಚ್ಚಿಡಲೆಂದು ಫೆಲ್ಟ್ ಬಟ್ಟೆಯ ಪುಟ್ಟ ಆನೆಗಳನ್ನು ಹೊಲಿದರು. ಮಕ್ಕಳು ಅವನ್ನು ಆಟಿಕೆ ಮಾಡಿಕೊಂಡರು, ಒಂದು ದೊಡ್ಡ ಉದ್ಯಮವೇ ಅಲ್ಲಿಂದ ಬೆಳೆಯಿತು. ಮನಶ್ಶಾಸ್ತ್ರಜ್ಞರಾದ ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಮಕ್ಕಳ ಅಚ್ಚುಮೆಚ್ಚಿನ ವಸ್ತುವಿಗೆ ತದ್ರೂಪಿ ನಕಲು ಮಾಡುವ ಯಂತ್ರವಿದೆ ಎಂದು ನಂಬಿಸಿದಾಗಲೂ ಹೆಚ್ಚಿನವರು ತಮ್ಮ ಹಳೆಯದನ್ನೇ ಬಯಸಿದರು. ಅದು ಕೊಂಡುತಂದ ಗೊಂಬೆಗಳ ಮಾತು, ಕೈಯಾರೆ ಹೊಲಿದವುಗಳದ್ದಲ್ಲ ಎನ್ನಬಹುದು. ನಿಜ. ಆದರೆ ಸಾವಿರದಲ್ಲಿ ಒಂದಾಗಿ ಬಂದ ಗೊಂಬೆ ತನ್ನದೆನಿಸಲು ವರ್ಷಗಟ್ಟಲೆ ಒಡನಾಟ ಬೇಕು. ಮಗು ಹೊಲಿದದ್ದಕ್ಕೆ ಮೊದಲ ದಿನವೇ ಜೋಡಿಯಿಲ್ಲ.

ಸೂಜಿ ಚುಚ್ಚೀತು ಎಂಬುದು ತಾಯಂದಿರ ಆತಂಕ. ಅದನ್ನು ತಳ್ಳಿಹಾಕಲಾರೆ. ದೊಡ್ಡ ಕಣ್ಣಿನ ಸೂಜಿ, ಒಂದು ಮೊಳಕ್ಕಿಂತ ಉದ್ದವಲ್ಲದ ದಾರ, ಕೊಡುವಾಗಲೂ ಹಿಂದೆ ಪಡೆಯುವಾಗಲೂ ಸೂಜಿ ಎಣಿಸುವ ಶಿಸ್ತು, ಇಷ್ಟಿರಲಿ. ಗೊಂಬೆಯ ಬಾಯಿ ಹೊಲಿಯುವ ಮುನ್ನ ಸೂಜಿಯ ಲೆಕ್ಕ ಸರಿಯಿರಲೇಬೇಕು, ಹತ್ತಿಯೊಳಗೆ ಉಳಿದದ್ದು ಕಾಣದು. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಗುಂಡಿಯ ಕಣ್ಣು ಬೇಡ, ದಾರದಲ್ಲೇ ಕಸೂತಿ ಹಾಕಲಿ. ಹುಡುಗರಿಗೇಕೆ ಇದು ಎಂಬ ಪ್ರಶ್ನೆಗೆ 1919ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ವಾಲ್ಡಾರ್ಫ್ ಶಾಲೆಯೇ ಉತ್ತರ ಕೊಟ್ಟಿದೆ: ಅಲ್ಲಿ ಹುಡುಗ ಹುಡುಗಿಯರಿಬ್ಬರೂ ಸೂಜಿ ಹಿಡಿಯುತ್ತಾರೆ. ನಮ್ಮ ಬೀದಿ ಬೀದಿಯ ದರ್ಜಿಗಳಲ್ಲಿ ಗಂಡಸರೆಷ್ಟಿಲ್ಲ! ಖರ್ಚಿನ ಮಾತಂತೂ ಏಳುವುದೇ ಇಲ್ಲ. ಹಳೆ ಸೀರೆಯ ಚೂರುಗಳನ್ನು ಕೂಡಿಸಿ ಕೌದಿ ಹೊಲಿಯುವ ಉತ್ತರ ಕರ್ನಾಟಕಕ್ಕೆ ಚಿಂದಿ ಬಟ್ಟೆಯ ಬೆಲೆ ಹೇಳಿಕೊಡಬೇಕೇ?

ಉಳಿದದ್ದು ಸಮಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಕುಶಲಕರ್ಮಿಗಳ ಬಳಿ ಕಲಿಯಲೆಂದೇ ಇಟ್ಟಿದೆ. ಅದರಲ್ಲಿ ಎರಡು ದಿನ ಪಕ್ಕದ ಬೀದಿಯ ದರ್ಜಿಯನ್ನು ತರಗತಿಗೆ ಕರೆಯಿರಿ, ಅವರ ಅಂಗಡಿಯ ತುಂಡು ಬಟ್ಟೆಯನ್ನೂ ತರಲು ಹೇಳಿ. ಹೆತ್ತವರಲ್ಲಿ ನನ್ನದೊಂದು ಕೋರಿಕೆ: ಮಗು ಮಲಗಿದ ಮೇಲೆ ಆ ಸೊಟ್ಟ ಹೊಲಿಗೆಯನ್ನು ಬಿಚ್ಚಿ ನೇರ ಮಾಡಲು ಹೋಗಬೇಡಿ.