ಮೊದಲು ಲೆಕ್ಕ ಹೇಳಲಿ, ಆಮೇಲೆ ಯಂತ್ರ ಓಡಲಿ

2023ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಸ್ಕೈರೂಟ್ ಕಂಪನಿಯ ತ್ರೀಡಿ ಮುದ್ರಿತ ಕ್ರಯೋಜೆನಿಕ್ ಎಂಜಿನ್ ‘ಧವನ್-2’ ನಾಗಪುರದಲ್ಲಿ 200 ಸೆಕೆಂಡು ಉರಿಯಿತು. ಮರುವರ್ಷ ಮೇ ತಿಂಗಳಲ್ಲಿ ಇಸ್ರೊ, ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಮುದ್ರಿತ ಎಂಜಿನನ್ನು 665 ಸೆಕೆಂಡು ಉರಿಸಿತು. ಅದರಲ್ಲಿ 14 ಭಾಗಗಳು ಒಂದೇ ತುಂಡಾಗಿದ್ದವು, 19 ಬೆಸುಗೆಗಳು ಇಲ್ಲವಾಗಿದ್ದವು. ಎರಡೂ ಹೆಮ್ಮೆಯ ಸಾಧನೆಗಳೇ. ಆದರೆ ಉರಿಪರೀಕ್ಷೆ ಹೇಳುವುದು ಈ ಎಂಜಿನ್ ತಾಳಿತು ಎಂದಷ್ಟೆ. ಮುಂದಿನದೂ ತಾಳುತ್ತದೆಂಬ ಭರವಸೆಗೆ ತಾಳಿದ್ದೇಕೆ ಎಂಬುದು ತಿಳಿದಿರಬೇಕು.

ಅದು ಸುಲಭವಲ್ಲ. ಲೋಹದ ಪುಡಿಯನ್ನು 40 ಮೈಕ್ರಾನ್ ಪದರವಾಗಿ ಹರಡಿ, 100 ಮೈಕ್ರಾನಿಗೊಂದು ಗೆರೆಯಂತೆ ಲೇಸರಿನಿಂದ ಕರಗಿಸಿದರೆ, ಒಂದು ಘನ ಸೆಂಟಿಮೀಟರ್ ಲೋಹಕ್ಕೆ 250 ಮೀಟರ್ ಗೆರೆ ಬೇಕು. ಅದರಲ್ಲೆಲ್ಲೋ ಶಾಖ ಹೆಚ್ಚಾಗಿ ಉಳಿದ ಒಂದು ಗುಳ್ಳೆಯಿಂದಲೇ ಬಿರುಕು ಹುಟ್ಟಬಹುದು. ಲೇಸರಿನ ಶಕ್ತಿ, ವೇಗ, ಗೆರೆಗಳ ಅಂತರಗಳನ್ನು ಬದಲಿಸುತ್ತ ಮುದ್ರಿಸಿ, ಕೊಯ್ದು ನೋಡುವ ಪದ್ಧತಿ ನಂಬಿಕೆಗೆ ಅರ್ಹ. ಆದರೆ ಮಿಶ್ರಲೋಹವೋ ಆಕಾರವೋ ಬದಲಾದರೆ ಆ ಕಲಿಕೆಯ ಬಹುಪಾಲು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮುದ್ರಣದ ಫಲವನ್ನು ಮೊದಲೇ ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗಳನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ತುಂಡು ಎತ್ತ ಬಾಗುತ್ತದೆ ಎಂಬುದನ್ನು ಅವು ಇಂದು ಸಾಕಷ್ಟು ಚೆನ್ನಾಗಿ ಹೇಳುತ್ತವೆ. ಅದು ಎಷ್ಟು ಕಾಲ ಬಾಳುತ್ತದೆ ಎಂಬಲ್ಲಿ ತಡವರಿಸುತ್ತವೆ, ಏಕೆಂದರೆ ಬಾಳಿಕೆಯನ್ನು ನಿರ್ಧರಿಸುವುದು ಸರಾಸರಿ ಗುಳ್ಳೆಯಲ್ಲ, ಅತಿ ಕೆಟ್ಟ ಗುಳ್ಳೆ. ಲೋಹ ಹೀರುವ ಲೇಸರ್ ಶಕ್ತಿಯಂಥ ಅಂಕಿಗಳನ್ನು ಪ್ರಯೋಗದ ಫಲಿತಾಂಶಕ್ಕೆ ಹೊಂದುವಂತೆ ತಿದ್ದಿ, ಬಳಿಕ ‘ಮಾದರಿ ತಾಳೆಯಾಯಿತು’ ಎನ್ನುವ ರೂಢಿಯಂತೂ ವಿಜ್ಞಾನಕ್ಕೆ ಒಪ್ಪುವಂಥದಲ್ಲ.

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2018ರಲ್ಲಿ ನಡೆಸಿದ ‘ಎಎಂ-ಬೆಂಚ್’ ಇದಕ್ಕೆ ತಕ್ಕ ಮದ್ದು. ಅಲ್ಲಿ ಅಳತೆಗಳನ್ನು ಮುಚ್ಚಿಟ್ಟು, ಮಾದರಿಕಾರರಿಂದ ಮುಂಚೆಯೇ ಉತ್ತರ ಪಡೆಯುತ್ತಾರೆ. ಹೈದರಾಬಾದಿನಲ್ಲಿ ಮಿಶ್ರಲೋಹ ತಯಾರಿಸುವ ಮಿಧಾನಿ, ಲೋಹ ಸಂಶೋಧನೆಯ ಡಿಎಂಆರ್‌ಎಲ್, ಪುಡಿಲೋಹದ ಎಆರ್‌ಸಿಐ, ಲೆಕ್ಕ ಬಲ್ಲ ಐಐಟಿ ಒಂದೇ ನಗರದ ಆಸುಪಾಸಿನಲ್ಲಿವೆ. ಇಂಥ ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ದೇಶದಲ್ಲಿ ಸಿಗುವುದು ಕಷ್ಟ.

ಪ್ರಯೋಗವೋ ಮಾದರಿಯೋ ಎಂಬ ವಾದ ನನ್ನ ದೃಷ್ಟಿಯಲ್ಲಿ ಬರಡು. ತಪ್ಪಾಗುವ ಧೈರ್ಯವಿಲ್ಲದ ಮಾದರಿಗೆ ಬೆಲೆಯಿಲ್ಲ. ಯಾವ ಊಹೆಯನ್ನೂ ಪರೀಕ್ಷಿಸದ ಪ್ರಯೋಗ ದುಬಾರಿ ಪ್ರದರ್ಶನ. ಯಶಸ್ಸಿನ ಸೆಕೆಂಡುಗಳ ಜೊತೆಗೆ ಬಿರುಕು ಬಿಟ್ಟ ತುಂಡುಗಳ ದತ್ತಾಂಶವೂ ಪ್ರಕಟವಾಗಬೇಕು. ಮುಂದಿನ ಎಂಜಿನ್ ರೂಪಿಸುವವರಿಗೆ ಹೆಚ್ಚು ನೆರವಾಗುವುದು ಅದೇ.